ಇಪ್ಪತ್ತು ಹೆಸರಿನ ಪಹರೆ

“ಅದೆಲ್ಲಾ ಇರಲಿ, ಇದರಾಗ ನನ್ನ ಹೆಸರ ಎಲ್ಲೈತಿ?” ಎಂದು ಕಾಲೇಜು ಮಂಡಳಿಯ ಚೇರ್ಮನ್ ಅಪ್ಪಣ್ಣನವರು ಗೋಡೆಯ ಮೇಲಿನ ಪರದೆಯತ್ತ ಬೆರಳು ತೋರಿಸಿದರು.

ಶುಭಮ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ಗೋಕಾಕದ ಹುಡುಗ, ಪುಣೆಯ ಕಂಪನಿಯೊಂದರ ಪರವಾಗಿ ಟೈ ಕಟ್ಟಿಕೊಂಡು ಬಂದಿದ್ದ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮಿನಲ್ಲಿ ಯಾರಾದರೂ ಸಂಸ್ಥೆಗಾಗಲಿ ಅದರ ಜನಕ್ಕಾಗಲಿ ಧಮಕಿ ಹಾಕಿದರೆ ತಕ್ಷಣ ಹಿಡಿದು ತಿಳಿಸುವ ಸೇವೆಯನ್ನು ಅವನು ಮಾರುತ್ತಿದ್ದ. ಬೆಳಗಿನಿಂದ ಇದು ಮೂರನೇ ಕಂಪನಿ. ಮೊದಲನೆಯವನು ಬರೀ ಇಂಗ್ಲಿಷ್ ಮಾತಾಡಿದನೆಂದು ಕಳಿಸಿದರು. ಎರಡನೆಯವನು ಚಹಾ ಬೇಡ ಅಂದನೆಂದು ಕಳಿಸಿದರು. ಇದೂ ಒಂದು ಆಯ್ಕೆಯ ರೀತಿಯೇ! ಮೂಲೆಯಲ್ಲಿ ಠರಾವಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಆಫೀಸ್ ಸೂಪರಿಂಟೆಂಡೆಂಟ್ ಶಿವವ್ವನಿಗೆ ತಲೆ ಸಿಡಿಯುತ್ತಿತ್ತು.

ಇಷ್ಟಕ್ಕೂ ಇದೆಲ್ಲ ಶುರುವಾದದ್ದು ಐಶ್ವರ್ಯಳಿಂದ. ಹುಕ್ಕೇರಿಯ ಈ ಪಿಯು ಕಾಲೇಜಿಗೆ ಯಮಕನಮರಡಿಯಿಂದ ದಿನಾ ಸ್ಕೂಟಿಯಲ್ಲಿ ಬರುವ ರಸಾಯನಶಾಸ್ತ್ರದ ಉಪನ್ಯಾಸಕಿ ಆಕೆ. ಪರೀಕ್ಷೆಯಲ್ಲಿ ಕಾಪಿ ಚೀಟಿ ಹಿಡಿದು ಒಬ್ಬನನ್ನು ಹೊರಗೆ ಕಳಿಸಿದ್ದಳು. ಅಂದಿನಿಂದ ಗುರುತಿಲ್ಲದ ಖಾತೆಯೊಂದು ಕಾಲೇಜಿನ ಫೇಸ್‌ಬುಕ್ ಪುಟದಲ್ಲಿ ಅವಳ ಬೆನ್ನು ಹತ್ತಿತ್ತು. ಪೊಲೀಸರ ಹತ್ತಿರ ಹೋಗುತ್ತೇನೆ ಅಂದರೆ ಆಡಳಿತ ಮಂಡಳಿ ಬೇಡ ಅಂದಿತು. ಠಾಣೆಯ ಮೆಟ್ಟಿಲು ಹತ್ತಿದರೆ ಸಂಸ್ಥೆಯ ಹೆಸರು ಕೆಡುತ್ತದಂತೆ. ಬದಲಿಗೆ ಇಂಥದೊಂದು ಸೇವೆ ತಗೊಳ್ಳೋಣ ಎಂದು ಠರಾವು ಮಾಡಿ ಮೂರು ವಾರ ಸುಮ್ಮನೆ ಕುಳಿತರು. ಇವತ್ತೂ ಏನೂ ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದು ಐಶ್ವರ್ಯ ಬೆಳಿಗ್ಗೆಯೇ ಶಿವವ್ವನಿಗೆ ಹೇಳಿದ್ದಳು.

“ಹೆಸರ ಹಾಕೂಣ್ರಿ ಕಾಕಾ,” ಎಂದ ಶುಭಮ್. “ಕಾಲೇಜಿನ ಪುಟದಾಗ ಬರೂ ಕಮೆಂಟ್ ಎಲ್ಲಾ ಇದು ತಾನ ಓದತೈತ್ರಿ. ಹೊರಗ ಯಾರ ಏನ ಬರದ್ರು ಅಂತ ಹುಡಕಾಕ ಇಪ್ಪತ್ತ ಹೆಸರ ಕೊಡಬೇಕ್ರಿ. ಅದರ ಮ್ಯಾಲ ಒಂದೂ ಹಿಡಿಯೂದಿಲ್ಲ.”

ಅಷ್ಟೇ ಸಾಕಾಯಿತು. ಈ ಮಂಡಳಿಯ ಕೈಗೆ ಯಾವ ಪಟ್ಟಿ ಸಿಕ್ಕರೂ ಅದು ಆಮಂತ್ರಣ ಪತ್ರಿಕೆಯಾಗಿಬಿಡುತ್ತದೆ. ಮೇಲೆ ಯಾರು, ಕೆಳಗೆ ಯಾರು, ಯಾರನ್ನು ಬಿಟ್ಟರೆ ಯಾರ ಮನೆಯವರಿಗೆ ಸಿಟ್ಟು. ಮೊದಲು ಅಪ್ಪಣ್ಣನವರ ಹೆಸರು. ಆಮೇಲೆ ಉಪಾಧ್ಯಕ್ಷ ಮಹೇಶ, ತನ್ನ ಹೆಸರು ಕಾರ್ಯದರ್ಶಿಯ ಹೆಸರಿಗಿಂತ ಮೇಲೇ ಇರಬೇಕೆಂದು ಹಟ ಹಿಡಿದ. ಅದು ಪತ್ರಿಕೆಯಲ್ಲರಿ, ಮೇಲೆ ಕೆಳಗೆ ಅಂತ ಇಲ್ಲರಿ ಎಂದು ಶುಭಮ್ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಥಾಪಕರು ತೀರಿಕೊಂಡು ಹನ್ನೊಂದು ವರ್ಷವಾಗಿದ್ದರೂ ಅವರನ್ನು ಬಿಡಲಾದೀತೆ? ಹಾಕಿದರು. ಜಾಗ ಕೊಟ್ಟವರು, ಬೋರು ಹೊಡೆಸಿದವರು, ಮೈಕ್ ಸೆಟ್ ಕೊಡಿಸಿದವರು, ಎಲ್ಲರೂ ಬಂದರು. ಮುಕ್ಕಾಲು ತಾಸಿಗೆ ಇಪ್ಪತ್ತೂ ತುಂಬಿದವು.

“ಐಶ್ವರ್ಯ ಮೇಡಮ್ಮಾರ ಹೆಸರ ಉಳೀತ್ರಿ,” ಎಂದಳು ಶಿವವ್ವ.

ಅಪ್ಪಣ್ಣನವರು ಪರದೆ ನೋಡಿದರು. “ಇಪ್ಪತ್ತ ಆಗ್ಯಾವಲ್ಲ. ಬರೂ ವರ್ಷ ನೋಡೂಣು ತಗೋ ತಂಗಿ.”

“ಬರೂ ವರ್ಷ ಏನ್ರಿ? ಧಮಕಿ ಬಂದಿದ್ದ ಅಕೀಗ್ರಿ. ತೀರಿಕೊಂಡಾವ್ರಿಗೆ ಯಾರ ಧಮಕಿ ಹಾಕ್ತಾರ?”

“ಹಿರ್ಯಾರ ಬಗ್ಗೆ ಹಂಗೆಲ್ಲಾ ಮಾತಾಡಬ್ಯಾಡ್ರಿ ಅಕ್ಕಾರ,” ಎಂದು ಮಹೇಶ ಮುಖ ಬಿಗಿದ.

ಜಗಳ ಬೇಡವೆಂದೋ ಏನೋ, ಶುಭಮ್ ಅವಸರದಿಂದ ಹೋದ ತಿಂಗಳ ಕಮೆಂಟುಗಳನ್ನು ಓಡಿಸಿ ತೋರಿಸಿದ. ಧಮಕಿ ಇದ್ದದ್ದಕ್ಕೆ ಕೆಂಪು, ಒಳ್ಳೆಯ ಮಾತಿಗೆ ಹಸಿರು. ಎಲ್ಲಕ್ಕಿಂತ ಮೇಲಿನ ಕೆಂಪು ಹಾಸ್ಟೆಲಿನ ಅಡಿಗೆಯ ಯಮನವ್ವನದು. ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋಟೋದ ಕೆಳಗೆ ಬರೆದಿದ್ದಳು: “ಊರಿಗೆ ಬಂದ್ರೂ ನನ್ನ ಮಾರಿ ನೋಡದ ಹೋದ್ಯಲ್ಲ, ಮುಂದಿನ ಸಲ ಸಿಗು, ನಿನ್ನ ಕಾಲ ಮುರೀತೀನಿ ನನ್ನ ಬಂಗಾರಾ.”

“ನೋಡ್ರಿ, ಹೆಂಗ ಹಿಡೀತು!” ಅಪ್ಪಣ್ಣನವರು ತೊಡೆ ತಟ್ಟಿದರು. “ಯಮನವ್ವಗ ಒಂದ ನೋಟಿಸ್ ಕೊಡ್ರಿ.”

ಶಿವವ್ವನಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. “ತಮ್ಮಾ, ಆ ಹಸಿರಿನ್ಯಾಗ ಮೂರನೇದ ತಗಿ,” ಎಂದಳು. ಐಶ್ವರ್ಯಳ ಫೋನಿನಲ್ಲಿ ಅದನ್ನು ಆಗಲೇ ನೋಡಿದ್ದಳು. ಎದ್ದು ನಿಂತು ಜೋರಾಗಿ ಓದಿದಳು.

“ನಮಸ್ಕಾರ ರೀ ಮೇಡಂ. ನಿಮ್ಮ ಸ್ಕೂಟಿ ಭಾಳ ಚಂದ ಐತ್ರಿ. ದಿನಾ ಸಂಜೀಕ ಐದೂವರಿಗೆ ಕಬ್ಬಿನ ಹೊಲದ ತಿರುವಿನ್ಯಾಗ ಒಬ್ಬರ ಹೋಗ್ತೀರಿ. ಹಾದಿ ಸರಿ ಇಲ್ರಿ, ಸಾವಕಾಶ ಹೋಗ್ರಿ. ನಾವು ಅಲ್ಲೇ ಇರ್ತೀವ್ರಿ.”

ಈ ಸೀಮೆಯಲ್ಲಿ ಸಿಟ್ಟು ಬಂದವನು ಒದರುತ್ತಾನೆ, ಜೀವ ಇಟ್ಟುಕೊಂಡವನು ಬೈಯುತ್ತಾನೆ. ಗುರುತಿಲ್ಲದವನು ಮಾತು ಮಾತಿಗೂ ರೀ ಹಚ್ಚಿ ಹಾದಿ, ಹೊತ್ತು ಎರಡನ್ನೂ ಹೇಳಿದನೆಂದರೆ ಎದೆ ಝಲ್ಲೆನ್ನುತ್ತದೆ. ಅದು ಅಲ್ಲಿದ್ದ ಯಾರಿಗೂ ತಿಳಿಯದ್ದಲ್ಲ. ಅಪ್ಪಣ್ಣನವರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತ್ತು.

“ಎಷ್ಟ ಮರ್ಯಾದಿಲೆ ಬರದಾನಲ್ರಿ,” ಎಂದ ಮಹೇಶ. “ಮಷೀನೂ ಹಸಿರ ತೋರಸಾಕತ್ತೈತಿ. ಇನ್ನೇನ ಬೇಕು?”

ಅಪ್ಪಣ್ಣನವರು ಶಿವವ್ವನ ಮುಖ ನೋಡಲಿಲ್ಲ. “ಇದ ಕಂಪನಿ ಇರಲಿ. ಇವತ್ತ ಚಾಲೂ ಮಾಡ್ರಿ. ಬರಕೋ ತಂಗಿ,” ಎಂದರು.

ಶಿವವ್ವ ಬರೆದುಕೊಂಡಳು. ಪೆನ್ನು ಒತ್ತಿದ್ದಕ್ಕೆ ಹಾಳೆ ಒಂದು ಕಡೆ ಹರಿಯಿತು. ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಳಿತು ಫೋನು ತೆಗೆದಳು. ಇಪ್ಪತ್ತಾರು ವರ್ಷ ಈ ಸಂಸ್ಥೆಯಲ್ಲಿ ಹೇಳಿದ್ದನ್ನು ಬರೆದವಳು, ಒಂದು ಅಕ್ಷರ ಸ್ವಂತದ್ದು ಸೇರಿಸಿದವಳಲ್ಲ. ಈಗ ಆ ಮರ್ಯಾದೆಯ ಮಾತಿನ ಕೆಳಗೆ, ತನ್ನ ಹೆಸರಿನಲ್ಲೇ, ಬೆರಳು ತಪ್ಪಿದಾಗೆಲ್ಲ ಅಳಿಸಿ ಅಳಿಸಿ ಬರೆದಳು: “ಏ ಹಲ್ಕಟ್, ನಾ ಶಿವವ್ವ. ಇವತ್ತ ಐದೂವರಿಗೆ ಆ ತಿರುವಿನ್ಯಾಗ ನಾನೂ ಇರ್ತೀನಿ. ನೀ ಬಾ. ನಿನ್ನ ಚರ್ಮಾ ಸುಲೀತೀನಿ.”

ಒಳಗೆ ಲ್ಯಾಪ್‌ಟಾಪು ಟಣ್ ಅಂದಿತು. “ಬಂತ್ರಿ ಕಾಕಾ, ಕೆಂಪ ಬಂತು!” ಎಂದು ಶುಭಮ್ ಖುಷಿಯಿಂದ ಕೂಗಿದ. ಮರುಕ್ಷಣ ಅವನ ದನಿ ಇಳಿಯಿತು.

“ಶಿವವ್ವಾ! ಏನಿದು?” ಅಪ್ಪಣ್ಣನವರು ಒದರಿದರು.

ಅವಳು ಬಾಗಿಲಿಗೆ ಬಂದಳು. “ಧಮಕಿರೀ. ಈ ಸಲ ಖರೇನ ಹಿಡದೈತಿ.”

ಮತ್ತೆ ಟಣ್. ಯಮನವ್ವ ಹಾಸ್ಟೆಲಿನ ಅಡಿಗೆಮನೆಯಿಂದಲೇ ಬರೆದಿದ್ದಳು: “ಅಕ್ಕಾರ, ನನ್ನ ಬಿಟ್ಟ ಹೋಗಬ್ಯಾಡ್ರಿ. ಅವನ ಹಲ್ಲ ನಾ ಉದರಸ್ತೀನಿ.” ಆಮೇಲೆ ಹೋದ ವರ್ಷ ಪಾಸಾದ ಕಾಜಲ್, ಯಮಕನಮರಡಿಯಿಂದ: “ಮೇಡಂ, ಗೇಟಿಗೆ ಬರಾಕತ್ತೇನಿ, ಜೋಡೀನ ಹೋಗೂಣ್ರಿ. ಅವನ ಕೈ ತಿರುವಿ ಬೆನ್ನಿಗೆ ಕಟ್ಟತೀನಿ.” ದಡ್ಡಿ ಊರಿನಿಂದ ಒಬ್ಬಳು, ತುಕ್ಕಾನಟ್ಟಿಗೆ ಲಗ್ನವಾಗಿ ಹೋದವಳೊಬ್ಬಳು, ಯಾರ್ಯಾರದೋ ತಾಯಂದಿರು. ನಾಲ್ಕು ಹೊಡೆಯುವಷ್ಟರಲ್ಲಿ ಪರದೆ ಮೇಲಿಂದ ಕೆಳಗಿನ ತನಕ ಕೆಂಪಾಯಿತು. ಅದರಲ್ಲಿ ಆ ಇಪ್ಪತ್ತು ಹೆಸರುಗಳಲ್ಲಿ ಒಂದೂ ಇರಲಿಲ್ಲ.

“ಬಂದ್ ಮಾಡೋ ಅದನ್ನ!” ಮಹೇಶ ಶುಭಮ್‌ನ ಮೇಲೆ ಹರಿಹಾಯ್ದ.

“ನಾಳಿ ಹತ್ತಕ್ಕ ಅಕೀನ ಠಾಣೆಗೆ ಕರಕೊಂಡ ಹೋಗಾವ್ರು ನಾವು,” ಎಂದಳು ಶಿವವ್ವ. “ನನಗೂ ಒಂದ ನೋಟಿಸ್ ಕೊಡೂದಿದ್ರ ಇವತ್ತ ಕೊಟ್ಟಬಿಡ್ರಿ.”

ಅಪ್ಪಣ್ಣನವರು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ನಿಂತು ಒಂದೊಂದೇ ಓದುತ್ತಿದ್ದರು.

ಐದಕ್ಕೆ ಐಶ್ವರ್ಯ ಸ್ಕೂಟಿ ಹೊರಗೆ ತಂದಳು. ಅವಳ ಕಣ್ಣು ಕೆಂಪಾಗಿದ್ದವು. “ಖರೇನ ಬರ್ತೀರೇನ್ರಿ ಅಕ್ಕಾ?” ಎಂದಳು. ಶಿವವ್ವ ಸೆರಗು ಸಿಕ್ಕಿಸಿ ಹಿಂದೆ ಕುಳಿತು ಅವಳ ಹೆಗಲು ಗಟ್ಟಿಯಾಗಿ ಹಿಡಿದುಕೊಂಡಳು. “ಸಾವಕಾಶ ಹೊಡೀವಾ. ನನಗ ಈ ಗಾಡಿ ಅಂದ್ರ ಭಾಳ ಅಂಜಿಕಿ.” ಕಾಜಲ್ ತನ್ನ ಸ್ಕೂಟಿಯನ್ನು ಅವರ ಬಾಜೂ ಹಾಕಿದಳು.

ತಿರುವಿನಲ್ಲಿ ಆ ಖಾತೆಯವನು ಇರಲಿಲ್ಲ. ಯಮನವ್ವ ಹಾಸ್ಟೆಲಿನ ನಾಲ್ಕು ಹೆಂಗಸರ ಜೊತೆ ಟಂಟಂ ಆಟೋದಲ್ಲಿ ಮೊದಲೇ ಬಂದು ಮೋರಿಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ಐಶ್ವರ್ಯ ತಿಂಗಳಿಂದ ಉಸಿರು ಬಿಗಿಹಿಡಿದು ಓಡಿಸುತ್ತಿದ್ದ ಜಾಗ ಅದು. ಗಾಡಿ ನಿಲ್ಲಿಸಿದಳು. ಯಮನವ್ವ ಅವಳಿಗೆಂದು ತುಸು ಸರಿದಳು. ಐಶ್ವರ್ಯ ಕೀಲಿ ತೆಗೆದುಕೊಂಡು ಬಂದು ಆ ಕಟ್ಟೆಯ ಮೇಲೆ ಕುಳಿತಳು.