ಭಾನುವಾರದ ಫೋನು

"ನಿಧಾನ ಮಾರಾಯ," ಶವಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದಿದ್ದ ಮಿಲ್ಟ್ ಗೊಣಗಿದ. "ಒಂದು ಇಸ್ಪೀಟೆಲೆ ಎಸೆಯೋಕೆ ಅರ್ಧ ಗಂಟೆ ತಗೋತಿದ್ದೋನು ವರ್ನನ್. ಇವತ್ತೇನು ಅವಸರ?"

"ಆಟ ಮುಗಿದ್ರೂ ಎದ್ದು ಹೋಗೋ ಅಭ್ಯಾಸ ಅವನಿಗಿರ್ಲಿಲ್ಲ," ಹಿಂದಿನಿಂದ ಡೆಲ್ ಅಂದ. "ನಾವೇ ಎತ್ಕೊಂಡು ಹೋಗ್ಬೇಕು."

ಲಾಸ್ ವೇಗಸ್ಸಿನ ಆ ಸಣ್ಣ ಪ್ರಾರ್ಥನಾ ಮಂದಿರದ ತುಂಬ ಪೋಕರ್ ಜೂಜಾಡಿಯೇ ಹೊಟ್ಟೆ ಹೊರೆದವರು. ಆಟದಲ್ಲಿ ಕಣ್ಣು ಮರೆಸಲು ಹಾಕುವ ಕಪ್ಪು ಕನ್ನಡಕವನ್ನು ಯಾರೂ ತೆಗೆದಿರಲಿಲ್ಲ. ಅಳುವವರು ಯಾರು, ತೂಕಡಿಸುವವರು ಯಾರು ಎಂಬುದು ಪಾದ್ರಿಗೂ ತಿಳಿಯುವಂತಿರಲಿಲ್ಲ.

ಪೆಟ್ಟಿಗೆ ಹೊರಲು ವರ್ನನ್ನನ ಮಗಳು ಲೊರೇನ್ ತನ್ನನ್ನೇಕೆ ಕರೆದಳೋ ಡೆಲ್‌ಗೆ ಅರ್ಥವಾಗಿರಲಿಲ್ಲ. ಒಂದು ಸಿನಿಮಾದ ದೆಸೆಯಿಂದ ಹನ್ನೊಂದು ವರ್ಷ ವರ್ನನ್ ಅವನೊಡನೆ ಮಾತು ಬಿಟ್ಟಿದ್ದ. ಎಲ್ಲರೂ ಹೋದ ಮೇಲೆ ಪೆಟ್ಟಿಗೆಯ ಬಳಿ ಒಬ್ಬನೇ ನಿಂತು, ತಪ್ಪಾಯಿತು ಎಂದು ಹೇಳಿ ಹೊರಡುವುದೆಂದು ಡೆಲ್ ಹಿಂದಿನ ಬೆಂಚು ಹಿಡಿದ.

ಲೊರೇನ್ ಮೈಕಿನ ಮುಂದೆ ನಿಂತಳು. "ಪ್ರತಿ ಭಾನುವಾರ ಅಪ್ಪ ಡೆಲ್ ಅಂಕಲ್‌ಗೆ ಫೋನ್ ಮಾಡ್ತಿದ್ರು. ಅಂಕಲ್, ನೀವೇ ಬಂದು ನಾಲ್ಕು ಮಾತು ಹೇಳಿ."

ಒಂದು ಭಾನುವಾರವೂ ಫೋನು ಬಂದಿರಲಿಲ್ಲ.

* * *

ಹನ್ನೊಂದು ವರ್ಷದ ಹಿಂದೆ ಡೆಲ್ ನಟಿಸಿದ ಆ ಸಿನಿಮಾಕ್ಕೆ ಬರೆದ ಮಾತುಗಳೇ ಇರಲಿಲ್ಲ. ಪೋಕರ್ ಆಟಗಾರರ ಮೇಲಿನ ಹಾಸ್ಯ. ನಟರು ಬಾಯಿಗೆ ಬಂದದ್ದನ್ನು ಆಡುತ್ತ ಹೋಗಬೇಕು. ನಿಯಮ ಒಂದೇ: ಎದುರಿನವನು ಏನೇ ಹೇಳಲಿ, ಇಲ್ಲವೆನ್ನಬಾರದು, ಒಪ್ಪಿಕೊಂಡು ಮುಂದೆ ಬೆಳೆಸಬೇಕು. ನಟರಿಗೆ ಎಲೆ ಹಿಡಿಯುವುದನ್ನು ಕಲಿಸಲು ಬಂದಿದ್ದ ವರ್ನನ್‌ನನ್ನು ಡೆಲ್ಲೇ ಮೇಜಿಗೆ ಎಳೆದು ಕೂರಿಸಿದ್ದ.

ಕ್ಯಾಮೆರಾ ಓಡುತ್ತಿತ್ತು. ಡೆಲ್‌ಗೆ ಮಾತು ಹೊಳೆಯಲಿಲ್ಲ. ಹಿಂದಿನ ದಿನ ವರ್ನನ್ ಗುಟ್ಟಾಗಿ ಹೇಳಿಕೊಂಡಿದ್ದು ಬಾಯಿಗೆ ಬಂತು.

"ಏನೋ ವರ್ನನ್, ಹೆಂಡ್ತಿ ಬಿಟ್ಟು ಹೋದ್ಲಂತೆ?"

ವರ್ನನ್ ಎಲೆಗಳನ್ನು ಮಗುಚಿಟ್ಟ. ಆಮೇಲೆ, "ಹೌದು. ಹೋಗಿ ಮೂರು ದಿನ ಆಗಿತ್ತು. ನನ್ನ ಆಟ ಮುಗಿದ್ಮೇಲೆ ಗೊತ್ತಾಯ್ತು," ಅಂದ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಿರ್ದೇಶಕ ಅದನ್ನು ಕತ್ತರಿಸಲಿಲ್ಲ. ಸಿನಿಮಾ ಬಂದ ಮೇಲೆ ಯಾವ ಪೋಕರ್ ಮೇಜಿಗೆ ಕೂತರೂ ವರ್ನನ್‌ಗೆ ಅದೇ ಪ್ರಶ್ನೆ: "ಹೆಂಡ್ತಿ ಎಲ್ಲಿ? ಇನ್ನೂ ಗೊತ್ತಾಗಿಲ್ವಾ?" ಲೊರೇನಿಗೂ ಶಾಲೆಯಲ್ಲಿ ಅದೇ ಪ್ರಶ್ನೆ.

* * *

ಮಗಳ ಎದುರು ಸತ್ತವನನ್ನು ಸುಳ್ಳುಗಾರನೆನ್ನುವುದು ಹೇಗೆ? ಡೆಲ್ ಮೈಕಿನ ಬಳಿ ಬಂದ.

"ಹೌದು. ಪ್ರತಿ ಭಾನುವಾರ."

"ನನ್ನ ಬೈತಿದ್ನಾ?" ಮಿಲ್ಟ್ ಕೂತಲ್ಲಿಂದಲೇ ಕೇಳಿದ.

"ನಿನ್ನ ಹೆಸರು ಬಂದ್ರೆ ಫೋನ್ ಇಟ್ಬಿಡ್ತಿದ್ದ."

ಜನ ನಕ್ಕರು. ಲೊರೇನ್ ನಗಲಿಲ್ಲ. "ಸಿನಿಮಾ ವಿಷ್ಯ ಮಾತಾಡಿದ್ರಾ ಅಂಕಲ್?"

ನಗು ನಿಂತಿತು.

"ಮಾತಾಡಿದ್ವಿ. ತಪ್ಪಾಯ್ತು ಅಂದೆ."

"ಅಪ್ಪ ಏನಂದ್ರು?"

ಡೆಲ್ ಪೆಟ್ಟಿಗೆಯತ್ತ ತಿರುಗಿದ. ಲೊರೇನ್ ಮೈಕನ್ನು ಅಂಗೈಯಿಂದ ಮುಚ್ಚಿ ಅವನ ಕಿವಿಯತ್ತ ಬಾಗಿದಳು.

"ಅಪ್ಪನ ಫೋನ್ ನೋಡಿದೀನಿ. ನಿಮ್ಮ ನಂಬರೇ ಇಲ್ಲ ಅದ್ರಲ್ಲಿ. ಭಾನುವಾರದ ಕತೆ ನಾನೇ ಕಟ್ಟಿದ್ದು; ಇಲ್ಲ ಅನ್ನಬಾರ್ದು ಅನ್ನೋದು ನಿಮ್ಮ ಸಿನಿಮಾದ್ದೇ ನಿಯಮ."

ಆಮೇಲೆ ಕೈ ತೆಗೆದು, ಮೈಕನ್ನು ಅವನ ಬಾಯಿಯ ಎತ್ತರಕ್ಕೆ ಏರಿಸಿ, ತಿರುಪು ಬಿಗಿಮಾಡಿದಳು.

"ಹೇಳಿ ಅಂಕಲ್. ಎಲ್ರೂ ಕಾಯ್ತಿದಾರೆ."