ಬಲಗಡೆ ಖಾಲಿ

ಬಿ.ಎ. ಮುಗಿಸಿದ ಹುಡುಗಿಗೆ ಬಸ್ ನಿಲ್ಲಿಸಿ ಅನ್ನಲಿಕ್ಕೆ ಬಾಯಿ ಬರುವುದಿಲ್ಲ ಅಂದರೆ ಯಾರು ನಂಬ್ಯಾರು? ಮಧುಮತಿ ಇದನ್ನು ಡೈರಿಯಲ್ಲಿ ಬರೆದು, ಬರೆದದ್ದಕ್ಕೂ ನಾಚಿ, ಪುಟ ಮಡಚಿದ್ದಳು. ಮಗ್ಗದ ಓಣಿಯ ತಿರುವಿನಲ್ಲಿ 'ಇಳಿಯವರದೇವ್ರಿ' ಎಂದು ಕೂಗಿದರೆ ಕಂಡಕ್ಟರ್ ಸೀಟಿ ಊದುತ್ತಾನೆ, ಅಷ್ಟೇ. ಅವಳೋ ಜಮಖಂಡಿಯಿಂದಲೇ ಆ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತ ಬಂದು, ತಿರುವು ದಾಟಿಹೋದ ಮೇಲೆ ಬನಹಟ್ಟಿ ಸ್ಟ್ಯಾಂಡಿನಲ್ಲಿಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುತ್ತಿದ್ದಳು.

ಬಾಯಿಬಿಟ್ಟು ಹೇಳಿಕೊಂಡದ್ದು ಒಬ್ಬರ ಹತ್ತಿರವೇ. ಅಣ್ಣನ ಹೆಂಡತಿ ರಾಜಶ್ರೀ ವೈನಿಯ ಹತ್ತಿರ. ವೈನಿ ಆಗ ನಗಲಿಲ್ಲ. 'ಜಂಪರ್ ಅರಿಬಿ ತರಾಕ ಹೊಂಟೇವಿ' ಎಂದು ಅವ್ವನಿಗೆ ಸುಳ್ಳು ಹೇಳಿ, ತಾನೇ ಜಮಖಂಡಿಯ ಆಪ್ತಸಮಾಲೋಚಕಿ ನಂದಾ ಮೇಡಂ ಹತ್ತಿರ ಕರೆದೊಯ್ದಳು.

ಮೇಡಂ ಗುಳಿಗೆ ಕೊಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. 'ಡೈರಿ ಬರಿಯೂ ರೂಢಿ ಐತೆಲ್ಲ? ಪುಟದ ನಡುವ ಒಂದು ಗೀಟ ಹೊಡಿ. ಮಾತಾಡಿದ್ರ ಏನಾಗತೈತಿ ಅಂತ ಅಂಜಿಕಿ ಐತಿ, ಅದನ್ನ ಎಡಕ್ಕ ಬರಿ. ಆಮ್ಯಾಲ ಮಾತಾಡು. ಖರೆ ಏನಾತು, ಅದನ್ನ ಬಲಕ್ಕ ಬರಿ.'

ವಾರಕ್ಕೊಂದು ಸಣ್ಣ ಕೆಲಸ. 'ಟೊಮೇಟೊ ಹೆಂಗ ಕಿಲೋ ಅಂತ ಕೇಳಿದರೆ ಸಂತೆಯೆಲ್ಲ ನನ್ನ ಕಡೆ ನೋಡುತ್ತದೆ' ಎಂದು ಎಡಕ್ಕೆ ಬರೆದಳು. ಬಲಕ್ಕೆ, 'ಯಾರೂ ನೋಡಲಿಲ್ಲ. ಮೂವತ್ತು ಅಂದಳು.' ಆರನೆಯ ವಾರ ಬಸ್ಸಿನಲ್ಲಿ ಕೂಗಿಯೇಬಿಟ್ಟಳು. ಬಲಕ್ಕೆ ಎರಡೇ ಪದ: 'ಬಸ್ ನಿಂತಿತು.'

ಆಮೇಲೊಂದು ಮಧ್ಯಾಹ್ನ ಕರೆಂಟು ಹೋಗಿ ಮನೆಯ ಎರಡೂ ಮಗ್ಗ ನಿಂತವು. ಸದ್ದು ನಿಂತದ್ದೇ ತಡ, ಮೆಟ್ಟಿಲಿಳಿಯುತ್ತಿದ್ದ ಮಧುಮತಿಗೆ ಕೆಳಗಿನ ಮಾತು ಕೇಳಿಸಿತು. ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರ ನಡುವೆ ವೈನಿ ಅವಳ ಡೈರಿ ಬಿಚ್ಚಿಕೊಂಡು ಕೂತು, ಅವಳ ಸಣ್ಣ ದನಿಯನ್ನೇ ಅಣಕಿಸುತ್ತ ಓದುತ್ತಿದ್ದಳು. 'ಯಾರೂ ನೋಡಲಿಲ್ಲ. ಮೂವತ್ತು ಅಂದಳು.'

'ಯವ್ವಾ, ಟೊಮೇಟೊ ರೇಟ್ ಕೇಳಾಕ ಡಾಕ್ಟರ್ ಬೇಕಾತೇನ!' ಅಂದಳು ಅವರಲ್ಲೊಬ್ಬಳು, ಅನ್ನವ್ವ. 'ಬದನಿಕಾಯಿ ಕೇಳೂದಿದ್ರ ದೊಡ್ಡಾಸ್ಪತ್ರಿಗೇ ಒಯ್ಯಬೇಕಾಕ್ಕೇತಿ, ನೋಡು!'

ಎಲ್ಲರಿಗಿಂತ ಜೋರಾಗಿ ನಕ್ಕವಳು ವೈನಿ. ಮೆಟ್ಟಿಲ ಮೇಲೆ ನಿಂತವಳನ್ನು ಕಂಡು, 'ಬಾ ಬಾ ಮಧು, ಸಿಟ್ಟಾಗಬ್ಯಾಡ. ಚ್ಯಾಷ್ಟಿ ಮಾಡಿದೆ' ಅಂದಳು.

ಮಧುಮತಿಯೂ ನಕ್ಕಳು. ನಾಲ್ಕು ದಿನ ಎದೆಗೆ ಚುಚ್ಚಿದ್ದು ಅವರ ನಗೆಗಿಂತ ತನ್ನ ಆ ನಗೆಯೇ.

ಇನ್ನು ಬರುವುದಿಲ್ಲ ಎಂದು ಹೇಳಿಬರಲಿಕ್ಕೇ ಅವಳು ಜಮಖಂಡಿಗೆ ಹೋದಳು. ಹೇಳಲಾಗದೆ ಡೈರಿಯನ್ನು ಮೇಡಂ ಮುಂದೆ ಸರಿಸಿದಳು. ನಡೆದದ್ದೆಲ್ಲ ಅದರಲ್ಲಿತ್ತು. ಕೊನೆಗೆ ಎಡಕ್ಕೆ, 'ಇದನ್ನ ವೈನಿಗೆ ಹೇಳಿದರೆ ನನ್ನ ಜೋಡಿ ಮಾತು ಬಿಡತಾಳ. ಮನ್ಯಾಗ ನನಗ ಯಾರೂ ಉಳಿಯಂಗಿಲ್ಲ.' ಬಲಗಡೆ ಖಾಲಿ.

ಮೇಡಂ ಎರಡು ಸಲ ಓದಿದರು. 'ಇದು ಖರೇನೂ ಆಗಬಹುದವಾ. ನಿನ್ನ ಅಂಜಿಕಿ ಎಲ್ಲಾ ಸುಳ್ಳ ಅಂತ ನಾ ಹೇಳೂದಿಲ್ಲ. ಆದ್ರ ಸುಮ್ಮನ ನಕ್ಕೋತ ಇದ್ದರ ನಿನಗ ಏನು ಉಳದೈತಿ, ಅದನ್ನೂ ಒಂದೀಟು ನೋಡಿಕೋ.'

ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಕೂಗಲಾಗಲಿಲ್ಲ. ತಿರುವು ದಾಟಿತು. ಸ್ಟ್ಯಾಂಡಿನಿಂದ ಹಿಂದಕ್ಕೆ ನಡೆಯುತ್ತ ಮಧುಮತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಷ್ಟಪಟ್ಟು ಗಳಿಸಿದ ಒಂದು ಕೂಗು ಅದು. ವೈನಿ ಅದನ್ನೂ ಕಸಿದುಕೊಂಡಳಲ್ಲ!

ಮನೆಯಲ್ಲಿ ಮಗ್ಗಗಳು ಧಡಧಡ ಓಡುತ್ತಿದ್ದವು. ಕಡಿದ ಎಳೆ ಜೋಡಿಸುತ್ತಿದ್ದ ವೈನಿ ತಲೆಯೆತ್ತಿ, ಅನ್ನವ್ವನತ್ತ ಕಣ್ಣು ಮಿಟುಕಿಸಿ ಕೂಗಿದಳು: 'ಬಂದೇನ ಮಧು? ಈ ವಾರ ಏನು ಕೆಲಸಾ ಕೊಟ್ಟಾರ? ಬದನಿಕಾಯಿ?'

ಆ ಸದ್ದಿನಲ್ಲಿ ಮೆಲ್ಲಗೆ ಏನಂದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ನಾಲ್ಕು ದಿನದಿಂದ ಆ ಮರೆಯಲ್ಲೇ ಅವಳು ಗೊಣಗಿಕೊಂಡದ್ದು. ಮಧುಮತಿ ಚಪ್ಪಲಿ ಬಿಡದೆ ಗೋಡೆಯ ತನಕ ನಡೆದು ಒಂದು ಸ್ವಿಚ್ ಆರಿಸಿದಳು. ಮತ್ತೊಂದು.

ಲಾಳಿಗಳು ನಿಂತವು. ಅನ್ನವ್ವನ ಕೈಯೂ ನಿಂತಿತು.

'ಯಾಕಬೇ? ಏನಾತು?' ಅಂದಳು ವೈನಿ.

ಮಧುಮತಿಯ ದನಿ ಕೋಣೆ ತುಂಬಿತು.

'ಅವತ್ತ ನಾ ನಕ್ಕಿದ್ದು ಸುಳ್ಳರಿ, ವೈನಿ. ನಿಮ್ಮ ಒಬ್ಬರನ್ನ ನಂಬಿ ಹೇಳಿದ್ದೆ. ನನಗ ಬಾಳ ನೋವಾಗೇತಿ.'