ಆರಿದ ಮೇಲೆ ಕಾಣುವ ಬಿಳಿ

"ಕುತ್ತಿಗೆಗೆ ಇನ್ನೊಂದಿಷ್ಟು ಬಳಿಯೇ. ನೀಲಿ ಕಾಣ್ತಿದೆ," ಎಂದು ಬಾಚೊ ಮಗಳ ಬೆನ್ನಿಗೆ ಮೊಣಕಾಲಿನಿಂದ ತಿವಿದ.

ನೆಂಚಾ ತಾಯಿಯ ಹೆಣದ ಮುಂದೆ ಮಂಡಿಯೂರಿದ್ದಳು. ಕಾವಿಮಣ್ಣಿಗೆ ಹಿಟ್ಟು ಕಲೆಸಿ, ತೆಸ್ಸಾಳ ಕೆನ್ನೆ, ಗಂಟಲಿನ ಬಾವುಗಳನ್ನು ಮುಚ್ಚುತ್ತಿದ್ದಳು. ಸಿಯೆನಾ ಪಟ್ಟಣದ ಸುತ್ತಿನ ಚರ್ಚುಗಳ ಗೋಡೆಗೆಲ್ಲ ಸಂತರ ಚಿತ್ರ ಬರೆದ ಮಹಾಶಯನಿಗೆ ಹೆಂಡತಿಯ ಮುಖ ಮುಟ್ಟಲು ಮಾತ್ರ ಕೈ ನಡುಗುತ್ತದಂತೆ!

"ನಿನ್ ಮಾವ ಬರ್ತಾನೆ. ಗೋಡೆಗೆ ಕಟ್ಟಿದ ಸಾರವೆ ಮೇಲಿಂದ ಬಿದ್ದಳು ಅನ್ನು. ಬೇರೇನಾದ್ರೂ ಬಾಯಿಬಿಟ್ಯೋ, ಸುಣ್ಣದ ಗುಂಡಿಗೆ ತಳ್ತೀನಿ. ಮೂಳೇನೂ ಸಿಗಲ್ಲ."

ಅವನು ಬರೀ ಮಾತಿಗೆ ಹೇಳುವವನಲ್ಲ. ತಾಯಿಯ ತಮ್ಮ ಮೆಯೊ ಮಾವ ಮಣ್ಣು ಮುಗಿಸಿ ಬೆಟ್ಟಕ್ಕೆ ಮರಳಿದನೆಂದರೆ ಈ ಮನೆಯಲ್ಲಿ ಉಳಿಯುವುದು ಈ ಕಟುಕ ಮತ್ತು ಅವಳು.

ಬಾಚೊ ವೈನ್ ಬಗ್ಗಿಸಿಕೊಳ್ಳಲು ಅತ್ತ ಹೋದದ್ದೇ ತಡ, ನೆಂಚಾ ಸಣ್ಣ ಕುಂಚವನ್ನು ತೆಳು ಸುಣ್ಣದಲ್ಲಿ ಅದ್ದಿ, ಮುಚ್ಚಿದ ಗುರುತುಗಳ ಮೇಲೆಯೇ ಎಳೆದಳು. ಒಂದು ಪಕ್ಕ ಹೆಬ್ಬೆರಳು, ಇನ್ನೊಂದು ಪಕ್ಕ ಉಳಿದ ನಾಲ್ಕು ಬೆರಳು. ಅವನು ಬಂದು ಬಗ್ಗಿ ನೋಡಿದ.

"ಹ್ಞಾಂ, ಈಗ ಸರಿ. ಏನೂ ಕಾಣಲ್ಲ."

*

"ಹಸಿ ಇರುವಾಗ ಕಾಣೋದೇ ಇಲ್ಲ ಕಣೆ ನಮ್ ಬಿಳಿ," ಎನ್ನುತ್ತಿದ್ದಳು ತೆಸ್ಸಾ, ಸುಣ್ಣ ಅರೆಯುತ್ತ. "ಹೆದರ್ಕೊಂಡು ಮೇಲೆ ಮೇಲೆ ಬಳೀಬೇಡ. ಆರೋವರ್ಗೂ ತಡ್ಕೋ. ಆಮೇಲೆ ನೋಡು ಅದರ ಜಂಬ!"

ಸುಣ್ಣ ಅರಳಿಸಿ, ತೊಳೆದು, ಬಿಲ್ಲೆ ತಟ್ಟಿ ಒಣಗಿಸಿಯೇ ಅವಳ ಆಯಸ್ಸು ಕಳೆಯಿತು. ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು. "ನಿಮ್ಮಪ್ಪನ ದೇವದೂತರು ಬೆಳ್ಳಗಾಗೋಕೆ ನಾನು ಕೆಂಪಗಾಗ್ಬೇಕು," ಎಂದು ನಗುತ್ತಿದ್ದಳು, ಪುಣ್ಯಾತ್ಗಿತ್ತಿ.

ಮೊನ್ನೆ ನಸುಕಿನಲ್ಲೇ ಚಿತ್ರ ಬರೆಯುವ ಗೋಡೆಗೆ ಹಸಿ ಗಾರೆ ಹಚ್ಚಿ ಬಾಚೊನನ್ನು ಎಬ್ಬಿಸಿದಳು. ಕುಡಿದು ಬಿದ್ದವನು ಏಳಲಿಲ್ಲ. ಎದ್ದಾಗ ಗಾರೆ ಒಣಗಿತ್ತು, ಇನ್ನು ಅದು ಬಣ್ಣ ಹಿಡಿಯುವುದಿಲ್ಲ. "ಸರಿಯಾಗಿ ಎಬ್ಬಿಸೋಕೆ ನಿನಗೇನು ರೋಗ ಬಂದಿತ್ತು?" ಎಂದು ಅವಳ ತಲೆಯನ್ನು ಅದೇ ಗೋಡೆಗೆ ಬಡಿದ. ಆಮೇಲೆ ಕತ್ತು ಹಿಡಿದ. ನೆಂಚಾ ಅವನ ತೋಳು ಕಚ್ಚಿದಳು, ರಕ್ತ ಬಂತು. ಅವನು ಬಿಡಲಿಲ್ಲ.

*

ಚರ್ಚಿನೊಳಗೆ ತಂಪು. ಸುಣ್ಣ ಆರುತ್ತಿಲ್ಲ. ಪಾದ್ರಿ ಪ್ರಾರ್ಥನೆ ಮುಗಿಸುತ್ತ ಬಂದರು.

"ಮುಸುಕು ಎಳೀರಿ, ಸಾಕು," ಎಂದ ಬಾಚೊ.

"ಅಯ್ಯೋ ಅಮ್ಮಾ!" ಎಂದು ನೆಂಚಾ ಹೆಣದ ಮೇಲೆ ಬಿದ್ದಳು. ಒಂದೊಂದು ಬಿಕ್ಕಿಗೂ ಗಂಟಲ ಮೇಲೆ ಉಫ್ ಉಫ್ ಎಂದು ಊದಿದಳು. ಅಳು ಸುಳ್ಳಾಗಿರಲಿಲ್ಲ, ಊದಿದ್ದು ಮಾತ್ರ ಸುಣ್ಣ ಆರಿಸಲು.

"ಎತ್ರೋ ಅವಳನ್ನ! ಏನ್ ನಾಟಕ ಇದು?"

"ಅಳ್ಲಿ ಬಿಡು ಬಾವ, ತಾಯಿ ಅಲ್ವಾ," ಎಂದ ಮೆಯೊ. ಬೆಟ್ಟದಲ್ಲಿ ಸುಣ್ಣದ ಗೂಡು ಉರಿಸುವ ದೈತ್ಯ, ದಾರಿಯುದ್ದಕ್ಕೂ ಅತ್ತು ಅವನ ಕಣ್ಣು ಊದಿಕೊಂಡಿತ್ತು. ಕೊನೆಗೆ ಅವನೇ ಸೊಸೆಯ ಭುಜ ಹಿಡಿದ. "ಏಳು ಕೂಸೇ. ನಮ್ಮಕ್ಕನ್ನ ಕಳ್ಸೋಣ..."

ಅವನು ಗಂಟಲ ಕಡೆ ಬಗ್ಗಿದ. ತೆಸ್ಸಾಳ ತಂಗಿಯರು, ನೆರೆಯವರು ಕತ್ತು ಚಾಚಿದರು. ತೆಸ್ಸಾಳ ಗಂಟಲ ಮೇಲೆ ಐದು ಬೆರಳು ಬೆಳ್ಳಗೆ ಎದ್ದು ಬರುತ್ತಿದ್ದವು.

"ಏನೋ ಧೂಳು," ಎಂದು ಬಾಚೊ ಒರೆಸಲು ಕೈ ಚಾಚಿದ.

ಮೆಯೊ ಆ ಕೈ ಹಿಡಿದು ಗಂಟಲ ಮೇಲೆ ಒತ್ತಿದ. ಹೆಬ್ಬೆರಳು ಹೆಬ್ಬೆರಳಿಗೆ, ಕಿರುಬೆರಳು ಕಿರುಬೆರಳಿಗೆ ಕೂತವು.

"ಎಲ್ಲಿಂದ ಬಿದ್ದಳು ಬಾವ?"

"ಸಾರವೆ... ಸಾರವೆಯಿಂದ..."

ಮಣಿಕಟ್ಟು ಲಟಕ್ಕೆಂದಿತು. ಬಾಚೊ ಕಿರುಚಿಕೊಂಡು ಪಾದ್ರಿಯ ಕಡೆ ತಿರುಗಿದ. "ಸ್ವಾಮಿ, ದೇವರ ಮನೆ ಇದು! ಬಿಡಿಸಿ!"

ಪಾದ್ರಿ ನೆಂಚಾಳನ್ನು ನೋಡಿದರು. ನಿಧಾನವಾಗಿ ನಡೆದುಹೋಗಿ ಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದರು.